ಎರಡು ಕ್ರೆಡಿಟ್ಟಿನ ನೆರೆಹೊರೆ

ಓಶ್ ಊರು, ಮೂರನೇ ಮಹಡಿ, ಮಾರ್ಚ್ ತಿಂಗಳು.
ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಹನ್ನೊಂದು ಜನ ಕೋಟು ಬಿಚ್ಚದೆ ಕೂತಿದ್ದಾರೆ,
ಜೇಬುಗಳಲ್ಲಿ ಮೂರು ದೇಶದ ಪಾಸ್‌ಪೋರ್ಟು,
ಪೆನ್ನು ಮಾತ್ರ ಎಲ್ಲರದೂ ಕೆಳಗಿನ ಅಂಗಡಿಯದು.

ನನಗೆ ಕೊಟ್ಟಿರುವುದು ಒಂಬತ್ತು ದಿನ.
ಅಷ್ಟರಲ್ಲಿ ಹೇಳಿ ಮುಗಿಸಬೇಕಂತೆ
ಪಕ್ಕದ ದೇಶದ ಜೊತೆ ಬಾಳುವುದು ಹೇಗೆಂದು.
ಪಕ್ಕದ ಫ್ಲ್ಯಾಟಿನ ಮಸ್ತೂರಾ ಜೊತೆ
ನಾನು ಮಾತು ಬಿಟ್ಟು ಏಳು ವರ್ಷ,
ಅದೂ ಒಂದು ನೀರಿನ ಪೈಪಿನ ವಿಷಯಕ್ಕೆ.

ಮೊದಲ ದಿನ ಮೇಜಿನ ಮೇಲೆ ಎರಡು ನಕ್ಷೆ ಹಾಸಿದೆ.
ಒಂದು, ನಮ್ಮಪ್ಪ ಸರ್ವೆ ಕೆಲಸಕ್ಕೆ ಸೇರಿದ ವರ್ಷದ್ದು,
ಇನ್ನೊಂದು ನಿವೃತ್ತನಾದ ವರ್ಷದ್ದು.
ಗೆರೆ ಎರಡರಲ್ಲೂ ಇದೆ,
ಒಂದೇ ಕಡೆ ಇಲ್ಲ.
ನಡುವೆ ಉಳಿದದ್ದು ಹೆಬ್ಬೆರಳಗಲ.
ಆ ಹೆಬ್ಬೆರಳಡಿಯಲ್ಲಿ
ಒಂದು ಶಾಲೆ, ನಾನೂರು ಜರ್ದಾಳು ಮರ,
ಮತ್ತೆ ಯಾರದೆಂದು ಯಾರೂ ಹೇಳದ ಒಂದು ಗೋರಿ.
'ಇದರಲ್ಲಿ ಸರಿ ಯಾವುದು, ಮೇಡಂ?' ಅಂದಳು ಬಕ್ತಿಗುಲ್.
ನಾನೂ ಕೇಳಿದ್ದೆ, ಅಪ್ಪನನ್ನು.
'ಪೆನ್ಸಿಲು ಮೊಂಡಾಗಿತ್ತು ಮಗಳೇ' ಅಂದಿದ್ದ.

ಎರಡು, ಮೂರು, ನಾಲ್ಕು, ಐದು: ಸಿದ್ಧಾಂತ.
ಬಲದ ಸಮತೋಲ. ಭಯದ ಲೆಕ್ಕಾಚಾರ.
ಒಬ್ಬ ಬೇಲಿ ಎತ್ತರಿಸಿದರೆ
ಇನ್ನೊಬ್ಬನ ನಿದ್ದೆ ಗಿಡ್ಡವಾಗುವ ಬಗೆ.
ನೆರೆ ಬಂದಾಗ ನೆರೆಯವರು ನೆನಪಾಗುತ್ತಾರೆ,
ಇಳಿದ ಮೇಲೆ ಕೆಸರು ಯಾರದೆಂದು ಜಗಳ.
ಎಲ್ಲರೂ ಬರೆದುಕೊಂಡರು, ದಿಲೋವರ್ ಒಬ್ಬನನ್ನು ಬಿಟ್ಟು.
ಯಾಕಪ್ಪಾ ಅಂದರೆ,
'ಇಷ್ಟು ನಮ್ಮ ಚಿಕ್ಕಮ್ಮಂದಿರಿಗೂ ಗೊತ್ತು.'

ಆರನೇ ದಿನ ಆಟ.
ಕಾಲುವೆ ಒಂದು, ದೇಶ ಎರಡು, ತೂಬಿಗೆ ಬೀಗ ಒಂದೇ.
ಅದಲು ಬದಲು ಮಾಡಿ ಕೂರಿಸಿದೆ:
ತಾಜಿಕ್ ಹುಡುಗ ದಿಲೋವರ್ ಕಿರ್ಗಿಜ್ ಮಂತ್ರಿ, ಬೀಗದ ಕೈ ಅವನ ಹತ್ತಿರ.
ಬಕ್ತಿಗುಲ್ ತಾಜಿಕ್ ಮಂತ್ರಿ.
ಉಜ್ಬೆಕ್ ಹುಡುಗ ಸೊಬಿರ್ಜಾನ್‌ಗೆ ಚಹಾ ಹೊಯ್ಯುವ ಕೆಲಸ,
ದನಿ ಏರಿದರೆ ಕೆಮ್ಮುವ ಕೆಲಸ.

ಎಂಥ ವಾದ ಮಾಡಿದರು!
ಎದುರಿನವರ ಸಂಕಟವನ್ನು ಅಕ್ಷರ ಬಿಡದೆ ಒಪ್ಪಿಸಿದರು,
ವರ್ಷಗಟ್ಟಲೆ ಬಾಯಿಪಾಠ ಮಾಡಿದವರ ಹಾಗೆ.
ಮಾಡಿದ್ದರು.
ತಿರುಗಿ ಬೈಯಲೆಂದು.

ದಿಲೋವರ್‌ನ ಫೋನು ಮೇಜಿನ ಮೇಲೆ ಗುರ್ರೆಂದಿತು.
ಅಮ್ಮ ಬರೆದಿದ್ದಳು:
ಮೇಲಿನೂರವರು ತೂಬು ಮುಚ್ಚಿದ್ದಾರೆ, ಬೆಳಗಿನಿಂದ ಹನಿಯಿಲ್ಲ,
ಜರ್ದಾಳು ಹೂ ಬಿಟ್ಟಿದೆ, ನೀನು ಊಟ ಮಾಡಿದೆಯಾ.
ಅದೇ ಆಗ, ಮಂತ್ರಿಯಾಗಿ,
ತೂಬು ತೆರೆಯುವುದಿಲ್ಲ ಅಂದಿದ್ದ ಅವನು.
ಎದ್ದು ನಿಂತ.
ಯಾರ ಬಾಯಿಂದ ಮಾತಾಡಬೇಕೆಂದು ತೋಚದೆ
ಕೂತ.

ನನ್ನ ಪುಸ್ತಕದಲ್ಲಿ ನದಿ ಒಪ್ಪಂದಗಳ ಮೇಲೆ
ನಲವತ್ತು ಪುಟ ಬಾಕಿ ಇತ್ತು.
ಮುಚ್ಚಿದೆ.
ಬಕ್ತಿಗುಲ್ ಉಗುರು ಕಚ್ಚುತ್ತಿದ್ದಳು. ಮೇಲಿನೂರು ಅವಳ ಸೋದರಮಾವನದು,
ಇಡೀ ಕ್ಲಾಸಿಗೆ ಗೊತ್ತಿದ್ದ ಸಂಗತಿ.
ಸೊಬಿರ್ಜಾನ್ ಮಾತ್ರ ತನ್ನ ಕೆಲಸ ಬಿಡಲಿಲ್ಲ,
ಇಬ್ಬರ ಪಿಯಾಲೆಗೂ ಅರ್ಧರ್ಧವೇ ಹೊಯ್ದ.
ಇಲ್ಲಿ ಬಟ್ಟಲು ತುಂಬ ಹೊಯ್ದರೆ
ಕುಡಿದು ಎದ್ದು ಹೋಗು ಎಂದರ್ಥ.

ಏಳು, ಎಂಟು ಹೇಗೋ ಕಳೆದವು.
ಒಂಬತ್ತನೇ ದಿನ ಪರೀಕ್ಷೆ, ಪ್ರಶ್ನೆ ಒಂದೇ:
ನೆರೆಯವರು ಎಂದರೆ ಯಾರು?
ಇನ್ನೂರು ಪದ ಮೀರದಂತೆ.
ಬಕ್ತಿಗುಲ್ ಒಂಬತ್ತು ಅಡಿಟಿಪ್ಪಣಿ ಸಮೇತ ಬರೆದಿದ್ದಾಳೆ,
ಚೆನ್ನಾಗಿದೆ, ಕಣ್ಣು ಮುಚ್ಚಿ ಮಾರ್ಕು ಕೊಡಬಹುದು.
ದಿಲೋವರ್‌ದು ಒಂದೇ ಸಾಲು:
'ಯಾರ ಮನೆ ನಾಯಿಯ ಹೆಸರು ನಮಗೆ ಗೊತ್ತೋ, ಅವರು.'

ನಿಯಮದ ಪ್ರಕಾರ ಇದು ಫೇಲು.
ರಾತ್ರಿ ಹನ್ನೊಂದೂವರೆ, ಅಡುಗೆಮನೆಯ ದೀಪ,
ಪೆನ್ಸಿಲು ಹಿಡಿದು ಕೂತಿದ್ದೇನೆ.
ಗೋಡೆಯಾಚೆ ಮಸ್ತೂರಾಳ ನಾಯಿ ಬೊಗಳುತ್ತಿದೆ.
ಈ ಏಳು ವರ್ಷದಲ್ಲಿ ಇದು ಎರಡನೆಯದು.
ಮೊದಲನೆಯದರ ಹೆಸರು ಗೊತ್ತಿತ್ತು.